ಅಂಗಡಿ ಅಂಗಡಿಯನ್ನು ಕೊಂಡರೆ ರೈತನಿಗೇನು?

(ಕುಷ್ಟಗಿಯ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬ್ರಿಟನ್ನಿನ ಒಂದು ಅಂಗಡಿ ಕಂಪನಿ ಹೇಗೆ ಬೆಳೆಯಿತು ಎಂಬುದರ ಮೇಲೆ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ನಿಮ್ಮಲ್ಲಿ ಕೆಲವರು ಒಳಗೊಳಗೇ ನಗುತ್ತಿರಬಹುದು. “ಸಜ್ಜಿಗೆ ರೇಟಿಲ್ಲ, ದಾಳಿಂಬೆಗೆ ಅಂಗಮಾರಿ ಬಿದ್ದು ಗಿಡ ಕಿತ್ತು ಹಾಕೀವಿ, ಬ್ಯಾಂಕಿನ ನೋಟೀಸು ಮನ್ಯಾಗ ಬಿದ್ದಾವ, ಇಂವ ಬಂದು ಲಂಡನ್ ಅಂಗಡಿ ಕಥಿ ಹೇಳ್ತಾನ” ಅಂತ. ನ್ಯಾಯವಾದ ಮಾತೇ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ನಮ್ಮ ಮಾಲಿನ ಬೆಲೆ ಹೊಲದಲ್ಲಿ ನಿರ್ಧಾರವಾಗುವುದಿಲ್ಲ, ಅದು ನಿಮಗೆ ಗೊತ್ತು. ದಲಾಲಿ ಅಂಗಡಿಯ ಮುಂದೆ ನಿರ್ಧಾರವಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಅದೂ ಅರ್ಧ ಮಾತ್ರ ನಿಜ. ದಲಾಲನಿಂದ ಕೊಳ್ಳುವವನು ಯಾರು, ಅವನಿಂದ ಮುಂದೆ ಕೊಳ್ಳುವವನು ಯಾರು, ಕೊನೆಗೆ ಪಟ್ಟಣದ ಮನೆಗೆ ಮಾರುವವರು ಎಷ್ಟು ಮಂದಿ, ಈ ಲೆಕ್ಕದ ಮೇಲೆ ಬೆಲೆ ನಿಲ್ಲುತ್ತದೆ. ಸವಾಲು ಕೂಗುವಾಗ ಹತ್ತು ಮಂದಿ ನಿಂತಿದ್ದರೆ ಒಂದು ರೇಟು, ಇಬ್ಬರೇ ನಿಂತಿದ್ದರೆ ಇನ್ನೊಂದು ರೇಟು. ಇದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ. ಹತ್ತು ಮಂದಿ ಇಬ್ಬರಾಗುವುದು ಹೇಗೆ? ಎಂಟು ಮಂದಿ ಸತ್ತು ಹೋಗುವುದಿಲ್ಲ. ಅವರ ಅಂಗಡಿಗಳನ್ನು ಉಳಿದಿಬ್ಬರು ಕೊಂಡುಬಿಡುತ್ತಾರೆ. ಈ ಕೆಲಸವನ್ನು ಸುಮಾರು ಅರವತ್ತು ವರ್ಷಗಳ ಕಾಲ ಬಿಡದೆ ಮಾಡಿದ ಕಂಪನಿ ಬ್ರಿಟನ್ನಿನ ಟೆಸ್ಕೊ. ಅದರ ಕಥೆ ಗೊತ್ತಾದರೆ ಬೆಂಗಳೂರಿನಲ್ಲಿ ನಡೆದದ್ದು ತಿಳಿಯುತ್ತದೆ. ಬೆಂಗಳೂರಿನದು ತಿಳಿದರೆ ಕುಷ್ಟಗಿಗೆ ಏನು ಬರಲಿದೆ ಎಂಬುದು ಕಾಣುತ್ತದೆ.

ಜ್ಯಾಕ್ ಕೋಹೆನ್ ಎಂಬ ಲಂಡನ್ನಿನ ಬಡ ದರ್ಜಿಯ ಮಗ ಮೊದಲನೆಯ ಮಹಾಯುದ್ಧದಿಂದ ಮರಳಿ ಬಂದು, 1919ರಲ್ಲಿ ಹ್ಯಾಕ್ನಿ ಎಂಬ ಬಡಾವಣೆಯ ಸಂತೆಯಲ್ಲಿ ಗಾಡಿ ಹಾಕಿದ. ಸೈನ್ಯದವರು ಉಳಿಸಿದ ದಿನಸಿ ಮಾರಿದ. ಮೊದಲ ದಿನ ನಾಲ್ಕು ಪೌಂಡಿನ ವ್ಯಾಪಾರ, ಒಂದು ಪೌಂಡು ಲಾಭ. ನಮ್ಮ ಸಂತೆಯಲ್ಲಿ ತಾಡಪತ್ರಿ ಹಾಸಿ ಕೂಡುವವನಿಗೂ ಅವನಿಗೂ ಆವತ್ತು ವ್ಯತ್ಯಾಸವಿರಲಿಲ್ಲ. 1924ರಲ್ಲಿ ಸ್ಟಾಕ್‌ವೆಲ್ ಎಂಬ ವರ್ತಕನಿಂದ ಚಹಾ ತರಿಸಿ ಮಾರತೊಡಗಿದ. ಟಿ. ಇ. ಸ್ಟಾಕ್‌ವೆಲ್ ಎಂಬ ಹೆಸರಿನ ಮೊದಲಕ್ಷರಗಳಿಗೆ ತನ್ನ ಹೆಸರಿನ ‘ಕೊ’ ಸೇರಿಸಿ ‘ಟೆಸ್ಕೊ’ ಎಂದ. ನೋಡ್ರಿ, ಆ ಹೆಸರಿನಲ್ಲಿ ಮುಂದೆ ಇರುವವನು ಮಾಲು ಕೊಟ್ಟವನು, ಹಿಂದೆ ಇರುವವನು ಮಾರಿದವನು. ಹೆಸರಿನಲ್ಲಿದ್ದ ಆ ಕ್ರಮ ವ್ಯಾಪಾರದಲ್ಲಿ ಬಹಳ ದಿನ ಉಳಿಯಲಿಲ್ಲ.

ದುಡಿದು ಅಂಗಡಿ ಹಾಕುವುದು ನಿಧಾನದ ಕೆಲಸ. 1947ರಲ್ಲಿ ಕಂಪನಿ ಷೇರುಪೇಟೆಗೆ ಹೋಯಿತು. ಆಮೇಲೆ ಅದಕ್ಕೆ ಹೊಸ ದಾರಿ ಸಿಕ್ಕಿತು: ಇದ್ದ ಅಂಗಡಿಗಳನ್ನೇ ಕೊಳ್ಳುವುದು. 1957ರಲ್ಲಿ ವಿಲಿಯಮ್ಸನ್ಸ್ ಕಂಪನಿಯ 70 ಅಂಗಡಿ. 1959ರಲ್ಲಿ ಹ್ಯಾರೋ ಸ್ಟೋರ್ಸಿನ 200. 1960ರಲ್ಲಿ ಅರ್ವಿನ್ಸ್ ಕಂಪನಿಯ 212. 1964ರಲ್ಲಿ ಚಾರ್ಲ್ಸ್ ಫಿಲಿಪ್ಸ್‌ನ 97. 1968ರಲ್ಲಿ ವಿಕ್ಟರ್ ವ್ಯಾಲ್ಯೂ ಎಂಬ ಇಡೀ ಸರಪಳಿ. ಹತ್ತು-ಹನ್ನೊಂದು ವರ್ಷದಲ್ಲಿ ಅಂಗಡಿಗಳ ಸಂಖ್ಯೆ 800 ದಾಟಿತು. 1987ರಲ್ಲಿ ಉತ್ತರ ಇಂಗ್ಲೆಂಡಿನ ಹಿಲ್ಲಾರ್ಡ್ಸ್ ಕಂಪನಿಯನ್ನು, ಮಾಲೀಕರು ಒಲ್ಲೆವೆಂದರೂ ಬಿಡದೆ, 22 ಕೋಟಿ ಪೌಂಡು ಕೊಟ್ಟು ಕೊಂಡಿತು. 1994ರಲ್ಲಿ ಸ್ಕಾಟ್ಲೆಂಡಿನ ವಿಲಿಯಮ್ ಲೋ ಕಂಪನಿಯನ್ನು, ಎದುರಾಳಿ ಸೇನ್ಸ್‌ಬರಿಯ ಬಾಯಿಂದ ಕಸಿದುಕೊಂಡಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಅಂಗಡಿ ತೆಗೆದರೆ ಊರಿನಲ್ಲಿ ಕೊಳ್ಳುವವರ ಸಂಖ್ಯೆ ಒಂದು ಹೆಚ್ಚಾಗುತ್ತದೆ. ಇದ್ದ ಅಂಗಡಿ ಕೊಂಡರೆ ಒಂದು ಕಡಿಮೆಯಾಗುತ್ತದೆ. ಎರಡಕ್ಕೂ ‘ಬೆಳವಣಿಗೆ’ ಎಂದೇ ಪತ್ರಿಕೆಯಲ್ಲಿ ಬರೆಯುತ್ತಾರೆ. ಗೋಧಿ, ಹಾಲು, ಸೇಬು ಮಾರುವ ರೈತನ ಕಣ್ಣಿಗೆ ಎರಡೂ ಒಂದಲ್ಲ. ನಿನ್ನೆ ಹಿಲ್ಲಾರ್ಡ್ಸ್‌ನವನು ಕಡಿಮೆ ಕೇಳಿದರೆ ಟೆಸ್ಕೊದವನ ಹತ್ತಿರ ಹೋಗಬಹುದಿತ್ತು. ಇವತ್ತು ಎರಡು ಬಾಗಿಲಿನ ಹಿಂದೆಯೂ ಒಬ್ಬನೇ ಕುಂತಿದ್ದಾನೆ.

ಕೊನೆಗೆ ಬಂದದ್ದು 2018ರ ದೊಡ್ಡ ಖರೀದಿ. ಬುಕರ್ ಎಂಬುದು ಅಲ್ಲಿನ ದೊಡ್ಡ ಸಗಟು ವ್ಯಾಪಾರಿ. ಓಣಿಯ ಮೂಲೆಯ ಸಣ್ಣ ಅಂಗಡಿಗಳು, ಹೋಟೆಲುಗಳು ಇದರಿಂದ ಮಾಲು ತರುತ್ತವೆ. ನಮ್ಮ ದೇಶದಿಂದ ಹೋದ ಎಷ್ಟೋ ಕುಟುಂಬಗಳು ಅಂಥ ಮೂಲೆ ಅಂಗಡಿ ಇಟ್ಟು ಬದುಕು ಕಟ್ಟಿಕೊಂಡಿವೆ. ಟೆಸ್ಕೊ ಸುಮಾರು 370 ಕೋಟಿ ಪೌಂಡಿಗೆ ಆ ಬುಕರನ್ನೇ ಕೊಂಡಿತು. ಟೆಸ್ಕೊಗೆ ಎದುರಾಗಿ ನಿಂತ ಸಣ್ಣ ಅಂಗಡಿಯವನು ಈಗ ಟೆಸ್ಕೊದ ಗೋದಾಮಿನಿಂದಲೇ ಮಾಲು ತಂದು ಟೆಸ್ಕೊ ಜೊತೆ ಪೈಪೋಟಿ ಮಾಡಬೇಕು. ಈಗ ಬ್ರಿಟನ್ನಿನ ಜನ ಕಿರಾಣಿಗೆ ಖರ್ಚು ಮಾಡುವ ನೂರು ಪೌಂಡಿನಲ್ಲಿ ಇಪ್ಪತ್ತೇಳು-ಇಪ್ಪತ್ತೆಂಟು ಪೌಂಡು ಈ ಒಂದೇ ಕಂಪನಿಯ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ.

ಅಷ್ಟು ದೊಡ್ಡದಾದ ಮೇಲೆ ಮಾಲು ಕೊಟ್ಟವರನ್ನು ಅದು ಹೇಗೆ ನಡೆಸಿಕೊಂಡಿತು? ಇದನ್ನು ನಾನು ಹೇಳುವುದಿಲ್ಲ, ಅವರದೇ ಸರ್ಕಾರ ನೇಮಿಸಿದ ಅಧಿಕಾರಿ ಹೇಳಿದ್ದಾರೆ. ದೊಡ್ಡ ಅಂಗಡಿಗಳು ಪೂರೈಕೆದಾರರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು 2009ರಲ್ಲಿ ಅಲ್ಲಿ ಒಂದು ನಿಯಮಾವಳಿ ಆಯಿತು. 2013ರಲ್ಲಿ ಕಾಯ್ದೆ ಮಾಡಿ ಅದನ್ನು ನೋಡಿಕೊಳ್ಳಲು ಒಬ್ಬ ನ್ಯಾಯನಿರ್ಣಯ ಅಧಿಕಾರಿಯನ್ನು ಕೂಡಿಸಿದರು. ಆ ಅಧಿಕಾರಿ ತನಿಖೆ ಮಾಡಿ 2016ರ ಜನವರಿಯಲ್ಲಿ ಕೊಟ್ಟ ವರದಿ ಹೇಳಿತು: ಟೆಸ್ಕೊ ತನ್ನ ಲೆಕ್ಕ ಚೆನ್ನಾಗಿ ಕಾಣಲೆಂದು ಪೂರೈಕೆದಾರರಿಗೆ ಕೊಡಬೇಕಾದ ಹಣವನ್ನು ಬೇಕೆಂದೇ ತಡಮಾಡಿದೆ. ಒಬ್ಬ ಪೂರೈಕೆದಾರನಿಗೆ ತಪ್ಪಾಗಿ ಮುರಿದುಕೊಂಡ ಲಕ್ಷಾಂತರ ಪೌಂಡು ಮರಳಿ ಬರಲು ವರ್ಷದ ಮೇಲಾಯಿತು. ದಂಡ ಎಷ್ಟು ಬಿತ್ತು ಗೊತ್ತೇನು? ಒಂದು ಕಾಸೂ ಇಲ್ಲ. ದಂಡ ಹಾಕುವ ಅಧಿಕಾರ ಬಂದದ್ದು 2015ರಲ್ಲಿ, ತಪ್ಪು ನಡೆದದ್ದು ಅದಕ್ಕೂ ಮೊದಲು.

ಇನ್ನೂ ಒಂದು ಮಾತು. ಆ ನಿಯಮಾವಳಿಯ ನೆರಳು ಅಂಗಡಿಗೆ ನೇರವಾಗಿ ಮಾಲು ಕೊಡುವವನಿಗೆ ಮಾತ್ರ. ಡೇರಿಗೆ ಹಾಲು ಹಾಕುವ ರೈತ, ಮಾಂಸದ ಕಾರ್ಖಾನೆಗೆ ದನ ಕೊಡುವ ರೈತ ಅದರ ಹೊರಗೇ ಉಳಿದ. ಅಲ್ಲಿ 1933ರಿಂದ ಹಾಲು ಮಾರಾಟ ಮಂಡಳಿಯೊಂದಿತ್ತು. ಎಲ್ಲ ರೈತರ ಹಾಲನ್ನು ಒಟ್ಟಾಗಿ ಮಾರುತ್ತಿತ್ತು. 1994ರಲ್ಲಿ ಅದನ್ನು ಮುಚ್ಚಿದರು. ಆಗ ಮೂವತ್ತು ಸಾವಿರಕ್ಕೂ ಹೆಚ್ಚಿದ್ದ ಹೈನುಗಾರರು ಇವತ್ತು ಎಂಟು ಸಾವಿರಕ್ಕಿಂತ ಕಡಿಮೆ. ಎಲ್ಲ ಪಾಪವನ್ನೂ ಅಂಗಡಿಗಳ ತಲೆಗೆ ಕಟ್ಟಲು ಬರುವುದಿಲ್ಲ; ಯಂತ್ರ ಬಂತು, ಕೊಟ್ಟಿಗೆ ದೊಡ್ಡದಾಯಿತು. ಆದರೆ ಕೊಳ್ಳುವವರು ಒಂದಾಗುತ್ತ ಹೋದ ಕಾಲದಲ್ಲೇ ಮಾರುವವರು ಒಡೆದು ಬಿಡಿಬಿಡಿಯಾದರು ಎಂಬುದು ಸುಳ್ಳಲ್ಲ. ಹಾಲಿನ ಒಪ್ಪಂದ ನ್ಯಾಯವಾಗಿರಬೇಕು ಎಂಬ ನಿಯಮ ಅಲ್ಲಿ ಬಂದದ್ದು 2024ರಲ್ಲಿ. ಮೂವತ್ತು ವರ್ಷ ತಡ.

ಈಗ ರೊಕ್ಕದ ಮಾತಿಗೆ ಬರೋಣ. ಒಂದು ಕಂಪನಿ ಇನ್ನೊಂದನ್ನು ಕೊಳ್ಳಲು ಹಣ ಎಲ್ಲಿಂದ ಬರುತ್ತದೆ? ಸ್ವಲ್ಪ ಷೇರಿನಿಂದ, ಸ್ವಲ್ಪ ಲಾಭದಿಂದ, ಬಹಳ ಸಲ ಸಾಲದಿಂದ. ಬ್ರಿಟನ್ನಿನ ಆಸ್ಡಾ ಕಂಪನಿಯನ್ನು 2021ರಲ್ಲಿ 680 ಕೋಟಿ ಪೌಂಡಿಗೆ ಕೊಂಡರು, ಮಾರಿಸನ್ಸನ್ನು ಅದೇ ವರ್ಷ 700 ಕೋಟಿಗೆ. ಎರಡರಲ್ಲೂ ದೊಡ್ಡ ಪಾಲು ಸಾಲ. ಆ ಸಾಲವನ್ನು ಹೊತ್ತವರು ಕೊಂಡವರಲ್ಲ, ಕೊಳ್ಳಲ್ಪಟ್ಟ ಕಂಪನಿಗಳು. ಮರುವರ್ಷವೇ ಬಡ್ಡಿ ದರ ಏರಿತು. ಬಡ್ಡಿ ಕಟ್ಟುವ ಅಂಗಡಿಗೆ ಉಳಿತಾಯ ಮಾಡಲು ಇರುವ ದಾರಿಗಳು ಮೂರೇ: ಗಿರಾಕಿಯಿಂದ ಹೆಚ್ಚು ತೆಗೆದುಕೊಳ್ಳಬೇಕು, ಕೆಲಸಗಾರನಿಗೆ ಕಡಿಮೆ ಕೊಡಬೇಕು, ಮಾಲು ಕೊಟ್ಟವನನ್ನು ಹಿಂಡಬೇಕು. ಮೂವರಲ್ಲಿ ಯಾರ ಸಂಘ ಬಲವಾಗಿಲ್ಲವೋ ಅವರ ಕಡೆಗೇ ಕೈ ಹೋಗುತ್ತದೆ.

ಸಾಲಕ್ಕಿಂತ ಸೋವಿಯಾದ ಬಂಡವಾಳ ಇನ್ನೊಂದಿದೆ. ಅದು ನಮ್ಮ ಉದ್ದರಿ. ಲೆಕ್ಕಕ್ಕೆಂದು ಹೇಳುತ್ತೇನೆ. ಒಂದು ದೊಡ್ಡ ಅಂಗಡಿ ದಿನಕ್ಕೆ ಒಂದು ಕೋಟಿ ರೂಪಾಯಿಯ ಕಾಯಿಪಲ್ಲೆ, ಹಣ್ಣು, ಅಕ್ಕಿ ಕೊಳ್ಳುತ್ತದೆ ಎನ್ನಿ. ವಾರದೊಳಗೆ ನಗದಿಗೆ ಮಾರುತ್ತದೆ. ನಮಗೆ ದುಡ್ಡು ಕೊಡುವುದು ಅರವತ್ತು ದಿನದ ಮೇಲೆ. ಹಾಗಾದರೆ ಯಾವಾಗ ನೋಡಿದರೂ ಅದರ ಕೈಯಲ್ಲಿ ನಮ್ಮ ಅರವತ್ತು ಕೋಟಿ ಇರುತ್ತದೆ, ಬಡ್ಡಿಯಿಲ್ಲದೆ, ಅಡವಿಲ್ಲದೆ, ನೋಟೀಸಿಲ್ಲದೆ. ಈ ಕಡೆ ನೋಡಿ. ಒಬ್ಬ ರೈತ ಒಂದು ಲಕ್ಷದ ದಾಳಿಂಬೆ ಕೊಟ್ಟ. ತೊಂಬತ್ತು ದಿನಕ್ಕೆ ಪಟ್ಟಿಯ ಹಣ ಬರುತ್ತದೆ. ಅಷ್ಟರೊಳಗೆ ಗೊಬ್ಬರ ತರಬೇಕು, ಕೂಲಿ ಕೊಡಬೇಕು, ಮಗಳ ಕಾಲೇಜಿನ ಫೀ ಕಟ್ಟಬೇಕು. ನೂರಕ್ಕೆ ತಿಂಗಳಿಗೆ ಎರಡರಂತೆ ಕೈಗಡ ತಂದರೆ ಮೂರು ತಿಂಗಳಿಗೆ ಆರು ಸಾವಿರ ಬಡ್ಡಿ. ತನ್ನ ರೊಕ್ಕ ಬೇರೆಯವನ ಹತ್ತಿರ ಬಿಟ್ಟಿ ಕುಂತಿದೆ, ತಾನು ಇನ್ನೊಬ್ಬನ ರೊಕ್ಕಕ್ಕೆ ಬಡ್ಡಿ ಕಟ್ಟುತ್ತಿದ್ದಾನೆ. ರೈತ ಸಾಲಗಾರ ಎಂದು ಎಲ್ಲರೂ ಹೇಳುತ್ತಾರೆ. ರೈತ ಸಾಲ ಕೊಟ್ಟವನೂ ಹೌದು ಎಂದು ಯಾರೂ ಹೇಳುವುದಿಲ್ಲ.

ನಾನು ಇವತ್ತು ಮುಖ್ಯವಾಗಿ ಹೇಳಬೇಕಾದದ್ದು ಇದೇ. ದೊಡ್ಡ ಅಂಗಡಿ ಸಣ್ಣ ಅಂಗಡಿಯನ್ನು ಕೊಳ್ಳುವ ಹಣದಲ್ಲಿ ನಮ್ಮ ತಡವಾದ ಪಟ್ಟಿಯ ಹಣವೂ ಸೇರಿದೆ. ನಮ್ಮ ರೊಕ್ಕದಿಂದಲೇ ನಮ್ಮ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕೊಂಡು ಮುಗಿಸುತ್ತಾರೆ. ಒಬ್ಬ ಗಿರಾಕಿ ಕಡಿಮೆಯಾದ ಹಾಗೆ ರೇಟು ಇಳಿಯುತ್ತದೆ, ಪಾವತಿ ಇನ್ನಷ್ಟು ತಡವಾಗುತ್ತದೆ.

“ಅದು ಇಂಗ್ಲೆಂಡಿನ ಮಾತಾತ್ರಿ, ನಮ್ಮಲ್ಲಿ ಎಲ್ಲಿದೆ” ಎನ್ನಬೇಡಿ. ಬೆಂಗಳೂರಿಗೆ ಬನ್ನಿ. ಬ್ರಿಗೇಡ್ ರಸ್ತೆಯ ನೀಲಗಿರೀಸ್ ಹೆಸರು ನೀವು ಕೇಳಿರಬಹುದು. 1905ರಲ್ಲಿ ನೀಲಗಿರಿ ಬೆಟ್ಟದಲ್ಲಿ ಮುತ್ತುಸ್ವಾಮಿ ಮೊದಲಿಯಾರ್ ಬೆಣ್ಣೆ ವ್ಯಾಪಾರದಿಂದ ಆರಂಭಿಸಿದ್ದು, 1936ರಲ್ಲಿ ಬೆಂಗಳೂರಿಗೆ ಬಂದದ್ದು. ಹಾಲು, ಬೆಣ್ಣೆ, ರೊಟ್ಟಿಗೆ ಹೆಸರಾದ ಮನೆತನದ ಅಂಗಡಿ. 2006ರ ಹೊತ್ತಿಗೆ ಅದರ ಬಹುಪಾಲನ್ನು ಆಕ್ಟಿಸ್ ಎಂಬ ಲಂಡನ್ನಿನ ಬಂಡವಾಳ ಸಂಸ್ಥೆ ಕೊಂಡಿತು. 2014ರಲ್ಲಿ ಸುಮಾರು 300 ಕೋಟಿ ರೂಪಾಯಿಗೆ ಫ್ಯೂಚರ್ ಗುಂಪಿನ ಕೈಗೆ ಹೋಯಿತು. ನೂರು ವರ್ಷ ಒಂದೇ ಮನೆಯಲ್ಲಿ ನಿಂತ ಅಂಗಡಿ ಎಂಟು ವರ್ಷದಲ್ಲಿ ಎರಡು ಕೈ ದಾಟಿತು.

ಅದೇ ಬೆಂಗಳೂರಿನಲ್ಲಿ ಫ್ಯಾಬ್‌ಮಾಲ್ ಎಂಬ ಅಂಗಡಿಗಳು ಹುಟ್ಟಿದವು. ಅವು ಹೈದರಾಬಾದಿನ ತ್ರಿನೇತ್ರ ಕಂಪನಿಗೆ ಸೇರಿದವು. ತ್ರಿನೇತ್ರವನ್ನು 2007ರಲ್ಲಿ ಆದಿತ್ಯ ಬಿರ್ಲಾ ಗುಂಪು ಕೊಂಡು ‘ಮೋರ್’ ಎಂದು ಹೆಸರಿಟ್ಟಿತು. ಆ ಮೋರ್‌ನ್ನು ಸಮಾರಾ ಕ್ಯಾಪಿಟಲ್ ಮತ್ತು ಅಮೆರಿಕದ ಅಮೆಜಾನ್ ಕೂಡಿ 2019ರ ಹೊತ್ತಿಗೆ ಕೊಂಡವು. ಫ್ಯಾಬ್‌ಮಾಲ್ ಕಟ್ಟಿದವರೇ ಆಮೇಲೆ 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು. 2021ರಲ್ಲಿ ಅದರ ಬಹುಪಾಲು ಟಾಟಾ ಗುಂಪಿಗೆ ಹೋಯಿತು. ಟಾಟಾದ ಟ್ರೆಂಟ್ ಕಂಪನಿಯ ಸ್ಟಾರ್ ಬಜಾರ್ ಅಂಗಡಿಗಳಲ್ಲಿ ಅರ್ಧ ಪಾಲು ಯಾರದು? ಅದೇ ಟೆಸ್ಕೊದ್ದು. ಬಹುಬ್ರ್ಯಾಂಡ್ ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಬಂಡವಾಳ ಬರಲು 2012ರಲ್ಲಿ ಕೇಂದ್ರ ಬಾಗಿಲು ತೆಗೆದಾಗ ಆ ಬಾಗಿಲಿನಿಂದ 2014ರಲ್ಲಿ ಒಳಗೆ ಬಂದದ್ದು ಅದು. ಅದಕ್ಕೂ ಹತ್ತು ವರ್ಷ ಮೊದಲು, 2004ರಿಂದಲೇ, ತನ್ನ ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೆಲಸಕ್ಕೆ ಬೆಂಗಳೂರಿನಲ್ಲಿ ದೊಡ್ಡ ಕಚೇರಿ ನಡೆಸುತ್ತಿದೆ. ಹ್ಯಾಕ್ನಿ ಸಂತೆಯ ಗಾಡಿಯ ಲೆಕ್ಕವನ್ನು ಇವತ್ತು ಬರೆಯುವವರಲ್ಲಿ ನಮ್ಮ ಕನ್ನಡದ ಮಕ್ಕಳೂ ಇದ್ದಾರೆ.

ಜರ್ಮನಿಯ ಮೆಟ್ರೊ ಸಗಟು ಅಂಗಡಿ 2003ರಲ್ಲಿ ಬೆಂಗಳೂರಿಗೆ ಬಂತು. ಆಗ ಎಷ್ಟು ವಿರೋಧ ಎದ್ದಿತ್ತು ಎಂಬುದು ಹಿರಿಯರಿಗೆ ನೆನಪಿರಬೇಕು. 2023ರಲ್ಲಿ ಅದರ ಭಾರತದ ವ್ಯಾಪಾರವನ್ನೆಲ್ಲ ರಿಲಯನ್ಸ್ 2,850 ಕೋಟಿ ರೂಪಾಯಿಗೆ ಕೊಂಡಿತು. ಅಲ್ಲಿ ಟೆಸ್ಕೊ ಬುಕರನ್ನು ಕೊಂಡದ್ದಕ್ಕೂ ಇಲ್ಲಿ ರಿಲಯನ್ಸ್ ಮೆಟ್ರೊವನ್ನು ಕೊಂಡದ್ದಕ್ಕೂ ಅಕ್ಷರ ವ್ಯತ್ಯಾಸವಿಲ್ಲ. ಚಿಲ್ಲರೆ ಅಂಗಡಿಯ ರಾಜ, ಕಿರಾಣಿಯವನಿಗೆ ಮಾಲು ಕೊಡುವ ಗೋದಾಮಿಗೂ ಮಾಲೀಕನಾದ.

ಇನ್ನು ಫ್ಯೂಚರ್ ಗುಂಪಿನ ಕಥೆ. ಬಿಗ್ ಬಜಾರ್ ಎಂದರೆ ನಿಮಗೆ ಗೊತ್ತು. ಅವರೂ ಟೆಸ್ಕೊ ಹಾಗೆ ಕೊಳ್ಳುತ್ತಲೇ ಹೋದರು. 2014ರಲ್ಲಿ ನೀಲಗಿರೀಸ್, 2015ರಲ್ಲಿ ಭಾರ್ತಿಯವರ ಈಸಿಡೇ, 2016ರಲ್ಲಿ ಹೆರಿಟೇಜ್ ಫ್ರೆಶ್, 2017ರಲ್ಲಿ ಹೈಪರ್‌ಸಿಟಿ. ಸಾಲವೂ ಅದರ ಜೊತೆ ಬೆಳೆಯಿತು. 2020ರಲ್ಲಿ ಕೊರೋನಾ ಬಂದು ಅಂಗಡಿಗಳು ಮುಚ್ಚಿದಾಗ ಉಸಿರು ನಿಂತಿತು. ಆ ವರ್ಷದ ಆಗಸ್ಟಿನಲ್ಲಿ 24,713 ಕೋಟಿ ರೂಪಾಯಿಗೆ ರಿಲಯನ್ಸಿಗೆ ಮಾರಲು ಒಪ್ಪಂದ ಆಯಿತು. ಅಮೆಜಾನ್ ಅಡ್ಡ ನಿಂತು ಕೋರ್ಟಿಗೆ ಎಳೆಯಿತು. ಎರಡು ಆನೆಗಳು ಕಾದಾಡುವಾಗ, 2022ರ ಫೆಬ್ರವರಿಯಲ್ಲಿ, ಬಾಡಿಗೆ ಕಟ್ಟಲಾಗದ ನೂರಾರು ಅಂಗಡಿಗಳನ್ನು ರಿಲಯನ್ಸ್ ತನ್ನ ಕೈಗೆ ತೆಗೆದುಕೊಂಡಿತು. ಏಪ್ರಿಲಿನಲ್ಲಿ ಒಪ್ಪಂದ ಬಿದ್ದೇ ಹೋಯಿತು. ಜುಲೈಯಲ್ಲಿ ಫ್ಯೂಚರ್ ರಿಟೇಲ್ ದಿವಾಳಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. 2024ರಲ್ಲಿ ಅದನ್ನು ಮುಚ್ಚಿ ಆಸ್ತಿ ಹಂಚಲು ಆದೇಶವಾಯಿತು.

ಈಗ ಕೇಳಬೇಕಾದ ಪ್ರಶ್ನೆ: ಇಂಥ ಕಂಪನಿ ಮುಳುಗಿದಾಗ ಉಳಿದ ಹಣ ಯಾರಿಗೆ ಮೊದಲು? 2016ರ ದಿವಾಳಿ ಸಂಹಿತೆಯಲ್ಲಿ ಸಾಲು ಬರೆದಿಟ್ಟಿದ್ದಾರೆ. ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಆಮೇಲೆ ಅಡವಿಟ್ಟುಕೊಂಡ ಬ್ಯಾಂಕುಗಳು, ಅವರ ಜೊತೆ ಕೆಲಸಗಾರರ ಬಾಕಿ. ಆಮೇಲೆ ಉಳಿದ ಸಾಲಿಗರು, ಸರ್ಕಾರ. ಮಾಲು ಉದ್ದರಿ ಕೊಟ್ಟು ಕುಂತವನ ಸರದಿ ಬರುವುದು ಇವರೆಲ್ಲರ ಹಿಂದೆ. ಅಷ್ಟೊತ್ತಿಗೆ ಪಾತ್ರೆಯಲ್ಲಿ ತಳ ಕಾಣುತ್ತಿರುತ್ತದೆ. ಕಂಪನಿಯ ಸಾಲದಲ್ಲಿ ಬ್ಯಾಂಕುಗಳು ನೂರಕ್ಕೆ ಇಷ್ಟು ಬಿಟ್ಟೆವು ಎಂದು ಒಪ್ಪಿದರೆ ಅದಕ್ಕೆ ಗೌರವದ ಹೆಸರಿದೆ, ಪರಿಹಾರ ಯೋಜನೆ ಎಂದು. ಕುಷ್ಟಗಿಯ ದಾಳಿಂಬೆ ಬೆಳೆಗಾರ ಅಂಗಮಾರಿಗೆ ತೋಟ ಕಳಕೊಂಡು ಸ್ವಲ್ಪ ಬಿಡಿ ಎಂದರೆ, ಸಾಲಶಿಸ್ತು ಹಾಳಾಗುತ್ತದೆ ಎನ್ನುತ್ತಾರೆ. ಸಾಲದ ಶಿಸ್ತು ಎಲ್ಲರಿಗೂ ಒಂದೇ ಇರಲಿ ಎನ್ನುವುದಷ್ಟೇ ನಮ್ಮ ಮಾತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೂ ಉತ್ತರ ಕೊಡಬೇಕು. “ದಲಾಲನ ಕೈಯಾಗ ನಾವು ಸುಖವಾಗಿದ್ದೆವೇನು? ಕಂಪನಿಯವರು ಎಲೆಕ್ಟ್ರಾನಿಕ್ ಕಾಟಾದಲ್ಲಿ ತೂಗುತ್ತಾರೆ, ಒಳ್ಳೆ ಹಣ್ಣಿಗೆ ಎರಡು ರೂಪಾಯಿ ಹೆಚ್ಚು ಕೊಡುತ್ತಾರೆ.” ಹೌದು, ಕೊಡುತ್ತಾರೆ. ತೂಕದಲ್ಲಿ ಸೂಟು ಮುರಿಯುವ ದಲಾಲಿಯನ್ನು ನಾನು ಹೊಗಳಲು ಬಂದಿಲ್ಲ. ಆದರೆ ಕಂಪನಿ ಎರಡು ರೂಪಾಯಿ ಹೆಚ್ಚು ಕೊಡುವುದು ಯಾಕೆ? ಪಕ್ಕದಲ್ಲಿ ಮಾರುಕಟ್ಟೆ ಪ್ರಾಂಗಣ ಇದೆ, ಅಲ್ಲಿ ಇನ್ನೂ ಹತ್ತು ಮಂದಿ ಕೂಗುತ್ತಾರೆ, ಅದಕ್ಕೆ. ಆ ಪ್ರಾಂಗಣ ಖಾಲಿಯಾದ ದಿನ ಎರಡು ರೂಪಾಯಿಯೂ ಹೋಗುತ್ತದೆ. ಅಲ್ಲದೆ ಕಂಪನಿ ಆರಿಸಿಕೊಳ್ಳುವುದು ಮೊದಲ ದರ್ಜೆಯ ಮಾಲು ಮಾತ್ರ. ಉಳಿದದ್ದನ್ನು ಹೇರಿಕೊಂಡು ಮತ್ತೆ ಅದೇ ಪ್ರಾಂಗಣಕ್ಕೆ ಬರಬೇಕು.

ಇನ್ನೊಂದು ಆಕ್ಷೇಪ: ನಮ್ಮ ದೇಶದಲ್ಲಿ ಇನ್ನೂ ಬಹುಪಾಲು ದಿನಸಿ ಓಣಿಯ ಕಿರಾಣಿಯಲ್ಲೇ ಮಾರಾಟವಾಗುತ್ತದೆ, ಈಗಲೇ ಹೆದರುವುದೇಕೆ? ಸತ್ಯ. 1950ರಲ್ಲಿ ಬ್ರಿಟನ್ನಿನಲ್ಲೂ ಹಾಗೇ ಇತ್ತು. ರೋಗ ಹಣ್ಣಿಗೆ ಬಂದ ಮೇಲೆ ಔಷಧ ಹೊಡೆದರೆ ಉಪಯೋಗವಿಲ್ಲ, ಎಲೆಯ ಮೇಲೆ ಚುಕ್ಕೆ ಕಂಡಾಗಲೇ ನೋಡಬೇಕು ಎಂಬುದು ದಾಳಿಂಬೆಯವರಿಗೆ ನಾನು ಹೇಳಬೇಕಿಲ್ಲ. 2025ರಲ್ಲಿ ಕುಷ್ಟಗಿಗೆ ರೈಲು ಬಂದಿದೆ, ಸೊಲ್ಲಾಪುರ-ಹೊಸಪೇಟೆ ಹೆದ್ದಾರಿ ಊರಿನ ಪಕ್ಕದಲ್ಲೇ ಇದೆ. ನಮ್ಮ ಮಾಲು ಇನ್ನು ದೂರ ಹೋಗುತ್ತದೆ, ಹೋಗಲೂ ಬೇಕು. ದೂರ ಹೋದ ಮಾಲಿನ ಬೆಲೆ ದೂರದವನ ಕೈಯಲ್ಲಿರುತ್ತದೆ. ಗಂಗಾವತಿ, ಕಾರಟಗಿ ಕಡೆಯ ಸೋನಾ ಮಸೂರಿ ಅಕ್ಕಿ ಬೆಂಗಳೂರಿನ ದೊಡ್ಡ ಅಂಗಡಿ ಸೇರಿದಾಗ ಚೀಲದ ಮೇಲೆ ಅಂಗಡಿಯದೇ ಹೆಸರು ಬೀಳುತ್ತದೆ. ಊರಿನ ಹೆಸರು ಹೋದರೆ ಗಿರಾಕಿ ಊರನ್ನು ಕೇಳುವುದಿಲ್ಲ. ನಾಳೆ ಆ ಚೀಲಕ್ಕೆ ಎಲ್ಲಿಯ ಅಕ್ಕಿ ತುಂಬಿದರೂ ನಡೆಯುತ್ತದೆ.

ಹಾಗಾದರೆ ನಾವೇನು ಮಾಡಬೇಕು? ಬೆಳೆಯುವುದಕ್ಕೆ ಕೊಳ್ಳುವುದೊಂದೇ ದಾರಿಯಲ್ಲ, ಕೂಡುವುದೂ ಒಂದು ದಾರಿ. ನಮ್ಮ ರಾಜ್ಯದಲ್ಲೇ ಅದರ ಸಾಕ್ಷಿ ಇದೆ. 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ ಶುರುವಾದದ್ದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ನಂದಿನಿ ಯಾರ ಡೇರಿಯನ್ನೂ ಸಾಲ ಮಾಡಿ ಕೊಂಡು ದೊಡ್ಡದಾಗಲಿಲ್ಲ. ಊರಿಗೊಂದು ಸಂಘ, ಸಂಘಗಳಿಗೊಂದು ಒಕ್ಕೂಟ, ಒಕ್ಕೂಟಗಳಿಗೊಂದು ಮಂಡಳ, ಹೀಗೆ ಕೂಡಿ ಬೆಳೆಯಿತು. ಅಲ್ಲಿ ರಾಜಕೀಯವಿಲ್ಲವೇ? ಇದೆ. ಪ್ರೋತ್ಸಾಹಧನ ತಡವಾಗುವುದಿಲ್ಲವೇ? ಆಗುತ್ತದೆ. ಆದರೂ 2023ರ ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತದೆ ಎಂದಾಗ, ನಂದಿನಿಯನ್ನೇ ಅದರಲ್ಲಿ ಸೇರಿಸಿಬಿಡುತ್ತಾರೆಂಬ ಅನುಮಾನ ಹುಟ್ಟಿ ರಾಜ್ಯವೆಲ್ಲ ಎದ್ದು ಕುಂತಿತಲ್ಲ, ಯಾಕೆ? ಎರಡೂ ಸಹಕಾರಿ ಸಂಸ್ಥೆಗಳೇ. ಆದರೂ ಕೊಳ್ಳುವ ಬಾಗಿಲು ಒಂದು ಕಡಿಮೆಯಾದರೆ ಏನಾಗುತ್ತದೆಂದು ಹಾಲು ಹಾಕುವ ಹೆಣ್ಣುಮಗಳಿಗೆ ಗೊತ್ತಿತ್ತು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಎಂ. ಎಚ್. ಮರೀಗೌಡರ ಮಾತು ಕೇಳಿ ಕಟ್ಟಿದ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಇವತ್ತು ಅದು ಸೊರಗಿದೆ. ಆದರೂ ಬೆಳೆಗಾರ ತಾನೇ ಅಂಗಡಿ ಇಡಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಒಂದು ಎಚ್ಚರಿಕೆಯನ್ನೂ ಬ್ರಿಟನ್ನಿನಿಂದಲೇ ತರೋಣ. ಇವತ್ತಿನ ಮಾದರಿಯ ಸಹಕಾರಿ ಅಂಗಡಿ ಹುಟ್ಟಿದ್ದೇ ಅಲ್ಲಿ, 1844ರಲ್ಲಿ, ರಾಚ್‌ಡೇಲ್ ಎಂಬ ಊರಿನ ನೇಕಾರರ ಕೈಯಲ್ಲಿ. ಒಂದು ಕಾಲಕ್ಕೆ ಟೆಸ್ಕೊ ಅದರ ಮುಂದೆ ಏನೂ ಅಲ್ಲ. ಆಮೇಲೆ ಹಿಂದೆ ಬಿತ್ತು. ಹಿಂದೆ ಬಿದ್ದವರು ಮುಂದಿನವರ ಆಟವನ್ನೇ ಆಡಲು ಹೋದರು: 2009ರಲ್ಲಿ 157 ಕೋಟಿ ಪೌಂಡಿಗೆ ಸಾಮರ್‌ಫೀಲ್ಡ್ ಅಂಗಡಿಗಳನ್ನು ಕೊಂಡರು, ಅದೇ ವರ್ಷ ತಮ್ಮ ಬ್ಯಾಂಕಿಗೆ ಬ್ರಿಟಾನಿಯಾ ಎಂಬ ಇನ್ನೊಂದು ಸಾಲ ಸಂಸ್ಥೆಯನ್ನು ಸೇರಿಸಿಕೊಂಡರು. ಆ ಸಂಸ್ಥೆಯ ಕೆಟ್ಟ ಸಾಲಗಳು ಬ್ಯಾಂಕನ್ನು ಮುಳುಗಿಸುವ ಮಟ್ಟಕ್ಕೆ ತಂದವು. ಸಾಲ ತೀರಿಸಲು 2014ರಲ್ಲಿ ಅವರು ಔಷಧ ಅಂಗಡಿಗಳನ್ನು ಮಾರಿದರು, ಸಹಕಾರಿ ಸಂಘದ ಹೊಲಗಳನ್ನೂ ಮಾರಿದರು. ಹೊಲ ಮಾರಿ ಸಾಲ ಕಟ್ಟಿದ ಸಹಕಾರಿ ಸಂಘ! ನಾಳೆ ನಾವು ಕಟ್ಟುವ ರೈತ ಉತ್ಪಾದಕರ ಕಂಪನಿಗಳ ನಿರ್ದೇಶಕರು ಇದನ್ನು ಗೋಡೆಗೆ ಬರೆದುಕೊಳ್ಳಬೇಕು.

ಕೊನೆಗೆ ನಮ್ಮ ಬೇಡಿಕೆಗಳು. ಇವು ಆಕಾಶದಿಂದ ಇಳಿಸಿದವಲ್ಲ, ಎಲ್ಲೋ ಒಂದು ಕಡೆ ಆಗಲೇ ಜಾರಿಯಲ್ಲಿರುವವು, ಅಥವಾ ಅಂಥವುಗಳ ಮುಂದಿನ ಹೆಜ್ಜೆ.

ಮೊದಲನೆಯದು, ಪಾವತಿಗೆ ದಿನ ನಿಗದಿಯಾಗಬೇಕು. ಕಬ್ಬಿಗೆ 1966ರ ನಿಯಂತ್ರಣ ಆದೇಶದಲ್ಲಿ ಅದು ಇದೆ: ಹದಿನಾಲ್ಕು ದಿನದೊಳಗೆ ಹಣ, ತಪ್ಪಿದರೆ ನೂರಕ್ಕೆ ಹದಿನೈದರ ಬಡ್ಡಿ. ಕಾರ್ಖಾನೆಯವರು ಬಾಕಿ ಇಡುತ್ತಾರೆ, ಗೊತ್ತು. ಆದರೆ ಕಾನೂನು ಇರುವುದರಿಂದಲೇ ಕಬ್ಬಿನವರು ಡಿಸಿ ಕಚೇರಿಯ ಮುಂದೆ ಕುಂತು ಕೇಳುತ್ತಾರೆ. ಸಣ್ಣ ಉದ್ದಿಮೆಯವರಿಗೆ 2006ರ ಕಾಯ್ದೆಯಲ್ಲಿ ನಲವತ್ತೈದು ದಿನದ ಗಡುವಿದೆ. ಯುರೋಪಿನ ಒಕ್ಕೂಟ 2019ರಲ್ಲಿ ಬೇಗ ಕೆಡುವ ಮಾಲಿಗೆ ಮೂವತ್ತು ದಿನ ಎಂದು ವಿಧಿಸಿತು. ದಾಳಿಂಬೆ, ಟೊಮೆಟೊ, ಮೆಣಸಿನಕಾಯಿ ಮಾರುವವನಿಗೂ ಕಬ್ಬಿನ ಹಾಗೆ ಹದಿನಾಲ್ಕು ದಿನ ಬೇಕು.

ಎರಡನೆಯದು, ಕಂಪನಿ ಕಂಪನಿಯನ್ನು ಕೊಳ್ಳಲು ಸ್ಪರ್ಧಾ ಆಯೋಗದ ಮುಂದೆ ಹೋದಾಗ, ಗಿರಾಕಿಗೆ ಏನಾಗುತ್ತದೆ ಎಂದು ಕೇಳಿದರೆ ಸಾಲದು, ಮಾಲು ಕೊಡುವವನಿಗೆ ಏನಾಗುತ್ತದೆ ಎಂದೂ ಕೇಳಬೇಕು. ಬ್ರಿಟನ್ನಿನಲ್ಲಿ ಸೇನ್ಸ್‌ಬರಿ ಮತ್ತು ಆಸ್ಡಾ ಒಂದಾಗಲು ಹೊರಟಾಗ 2019ರಲ್ಲಿ ಅಲ್ಲಿನ ಪ್ರಾಧಿಕಾರ ಬೇಡ ಎಂದಿತು, ಗಿರಾಕಿಗೆ ಬೆಲೆ ಏರುತ್ತದೆ ಎಂದು. ತಡೆಯಬಹುದು ಎಂಬುದು ಅದರಿಂದ ಗೊತ್ತಾಯಿತು.

ಮೂರನೆಯದು, ದಿವಾಳಿಯ ಸಾಲಿನಲ್ಲಿ ರೈತನ ಬಾಕಿ ಕೆಲಸಗಾರನ ಬಾಕಿಯ ಜೊತೆ ನಿಲ್ಲಬೇಕು. ಅದೂ ಬೆವರಿನ ಹಣವೇ.

ನಾಲ್ಕನೆಯದು ಸರ್ಕಾರಕ್ಕಲ್ಲ, ನಮಗೇ. ಯಾರಿಗೇ ಮಾರಲಿ, ಪಟ್ಟಿ ಇಲ್ಲದೆ ಮಾಲು ಇಳಿಸಬೇಡಿ. ಪಟ್ಟಿಯ ಮೇಲೆ ತೂಕ, ದರ್ಜೆ, ದರ, ಹಣ ಕೊಡುವ ತಾರೀಖು, ನಾಲ್ಕೂ ಇರಲಿ. ಎಷ್ಟೇ ಒಳ್ಳೆಯ ಗಿರಾಕಿಯಾದರೂ ಇಡೀ ತೋಟವನ್ನು ಒಬ್ಬನಿಗೇ ಕಟ್ಟಬೇಡಿ. ಬಾಕಿ ಎಷ್ಟು ದಿನ ನಿಂತಿತು ಎಂಬುದನ್ನು ಊರಿಗೊಂದು ವಹಿಯಲ್ಲಿ ಬರೆದಿಡಿ. ನಮ್ಮ ಸಾಲದ ಲೆಕ್ಕ ಬ್ಯಾಂಕಿನಲ್ಲಿದೆ, ಸಾವುಕಾರನ ಹತ್ತಿರ ಇದೆ. ನಮಗೆ ಬರಬೇಕಾದದ್ದರ ಲೆಕ್ಕ ಎಲ್ಲೂ ಇಲ್ಲ. ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಊರಿನವರೂ ಆ ವಹಿಯನ್ನು ತನ್ನಿ. ಈ ತಾಲೂಕಿನ ರೈತ ಯಾರಿಗೆ ಎಷ್ಟು ಸಾಲ ಕೊಟ್ಟಿದ್ದಾನೆ ಎಂದು ಒಟ್ಟು ಹಾಕಿ, ಆ ಕಾಗದವನ್ನು ಹಿಡಿದುಕೊಂಡೇ ತಹಶೀಲ್ದಾರರ ಕಚೇರಿಗೆ ಹೋಗೋಣ.